ಕಿವಿ ಉಳಿಸಿಕೊಂಡವನು

ಫೆಬ್ರವರಿ 4

ಮೊಂಡಿ,

ನಾವು ಇಲ್ಲಿ ಚೆನ್ನಾಗಿದ್ದೇವೆ ಅಂತ ಶುರುಮಾಡೋಣ ಎಂದುಕೊಂಡೆ, ಕೈ ಬರಲಿಲ್ಲ. ಅಮ್ಮನಿಗೆ ಎದೆ ಆಪರೇಷನ್ ಆಗಿದೆ. ಆಗಿ ಮುಗಿದಿದೆ. ಬದುಕಿದ್ದಾಳೆ. ಯಾವ ಪತ್ರವನ್ನಾದರೂ ಕೊನೆಯ ಸಾಲಿನಿಂದ ಓದುವವಳು ನೀನು, ಅದಕ್ಕೇ ಕೊನೆಯದನ್ನು ಮೊದಲೇ ಬರೆದುಬಿಟ್ಟೆ.

ಶನಿವಾರ ಬೆಳಗ್ಗೆ ಮನೆಯಲ್ಲೇ ಇದ್ದಳು. ಒಲೆಯ ಮುಂದೆ ನಿಂತವಳು ಹಾಗೇ ಕುಸಿದಳು. ಯಾರೋ ಪುಣ್ಯಾತ್ಮರು ಸಾಮಾನಿನ ವ್ಯಾನಿಗೆ ಅಡ್ಡ ನಿಂತು ಆಸ್ಪತ್ರೆಗೆ ಹಾಕಿಸಿದರು. ಸರ್ಜನ್ ಬಂದು, "ರಕ್ತನಾಳ ಮುಚ್ಚಿಹೋಗಿದೆ, ಈಗಲೇ ಎದೆ ತೆರೀಬೇಕು, ಯೋಚನೆ ಮಾಡ್ತಾ ಕೂರೋಕೆ ಟೈಮಿಲ್ಲ" ಅಂದರು. ನಾನು ತಲೆ ಅಲ್ಲಾಡಿಸಿದೆ. ಹೌದು ಅಂತಲೋ ಬೇಡ ಅಂತಲೋ ನನಗೇ ಗೊತ್ತಿರಲಿಲ್ಲ. ಅವರೇ ಹೌದು ಅಂತ ತಿಳಿದುಕೊಂಡರು.

ಎದೆಮೂಳೆಯನ್ನು ಉದ್ದಕ್ಕೆ ಸೀಳಿ, ಕಾಲಿನಿಂದ ತೆಗೆದ ನರವನ್ನು ಹೃದಯಕ್ಕೆ ಹೊಲಿದು, ಆಮೇಲೆ ಮೂಳೆಯ ಎರಡು ಹೋಳನ್ನು ಉಕ್ಕಿನ ತಂತಿಯಲ್ಲಿ ಬಿಗಿದಿದ್ದಾರಂತೆ. ತಂತಿ ಅಂದ ಕೂಡಲೇ ನನ್ನ ವಾದ್ಯ ರಿಪೇರಿ ಅಂಗಡಿ ಕಣ್ಣ ಮುಂದೆ ಬಂತು. ತಂತಿ ಎಷ್ಟು ಬಿಗಿದರೆ ನಿಲ್ಲುತ್ತೆ, ಎಲ್ಲಿ ಹರಿಯುತ್ತೆ, ನಾನು ಬಲ್ಲೆ. ಆದರೆ ಅದು ಮರಕ್ಕೆ ಬಿಗಿಯುವ ತಂತಿ. ಅಮ್ಮನಿಗೆ ಬಿಗಿಯುವುದಲ್ಲ.

ಗಂಟಲಲ್ಲಿ ಕೊಳವೆ ಇದೆ. ಯಂತ್ರ ಉಸಿರು ಹಾಕುತ್ತಿದೆ. ಗಾಜಿನ ಆಚೆಯಿಂದ ನೋಡಲು ಬಿಡುತ್ತಾರೆ. ನಮ್ಮ ಪ್ರಾರ್ಥನೆ ಮನೆಯ ಹಾಡುಗುಂಪಿನವರು ಸರದಿ ಹಾಕಿಕೊಂಡು ಹೊರಗೆ ಕೂತಿದ್ದಾರೆ. ಪಕ್ಕದ ಬೀದಿಯ ದರ್ಜಿ ಅತ್ತೆಯಂತೂ ಹೊಲಿಗೆಯನ್ನೇ ಇಲ್ಲಿಗೆ ತಂದು ಕೂತಿದ್ದಾಳೆ. ನಿನಗೆ ನಗು ಬರಬಹುದು. ಬರಲಿ. ನನಗೆ ಅವರು ಬೇಕು.

ಅಲ್ಲಿ ಜಗಳ ತೆಗೆಯಬೇಡ. ಊಟ ಬಿಡಬೇಡ.

ಅಣ್ಣ

*

ಫೆಬ್ರವರಿ 11

ಅಣ್ಣ,

ನಿನ್ನ ಪತ್ರ ನನ್ನ ಕೈಗೆ ಬಂದದ್ದು ಇವತ್ತು. ಬದುಕಿದ್ದಾಳೆ ಅಂತ ಬರೆದಿದ್ದೀಯ. ಅದು ನೀನು ಬರೆದ ದಿನದ ಮಾತು. ಇವತ್ತಿನ ಮಾತನ್ನು ನನಗೆ ಯಾರು ಹೇಳಬೇಕು? ಇಷ್ಟು ದಿನ ನಾನು ಇಲ್ಲಿ ನಕ್ಕಿದ್ದೇನೆ, ತಲೆ ಬಾಚಿಕೊಂಡಿದ್ದೇನೆ, ಸಾರು ನೀರಾಗಿದೆ ಅಂತ ವಾರ್ಡರಮ್ಮನ ಹತ್ತಿರ ಕಿತ್ತಾಡಿದ್ದೇನೆ. ಅಲ್ಲಿ ಅಮ್ಮನ ಎದೆ ಸೀಳುತ್ತಿದ್ದರು.

ಫೋನ್ ಯಾಕೆ ಮಾಡಲಿಲ್ಲ ಅಂತ ನೀನು ಕೇಳಬೇಡ, ನಾನೂ ಕೇಳುವುದಿಲ್ಲ. ಮಿಲ್ಲಿನ ಮುಷ್ಕರದ ಕೇಸಿನವರಿಗೆ ಈ ಜೈಲಿನಲ್ಲಿ ಫೋನ್ ಇಲ್ಲ, ಸದ್ಯಕ್ಕೆ ಭೇಟಿಯೂ ಇಲ್ಲ. ವಾರಕ್ಕೆ ಒಂದು ಪತ್ರ. ಕೂಲಿ ಕೇಳಿದವರಿಗೆ ಇವರು ಕಳ್ಳರಿಗಿಂತ ಹೆಚ್ಚು ಹೆದರುತ್ತಾರೆ. ಆ ಒಂದು ಪತ್ರವನ್ನೂ ನಿನಗಿಂತ ಮೊದಲು ಓದುವವರು ಒಬ್ಬರಿದ್ದಾರೆ, ಬೇಡವಾದದ್ದಕ್ಕೆ ಕಪ್ಪು ಬಳಿಯುತ್ತಾರೆ. ನಾವು ಅವರನ್ನು ಮಸಿ ಸಾಹೇಬರು ಅಂತ ಕರೆಯುತ್ತೇವೆ. ಸಾಹೇಬರೇ, ನಮಸ್ಕಾರ. ನಿಮಗೂ ಒಬ್ಬಳು ತಾಯಿ ಇರಬೇಕಲ್ಲ.

ಅಣ್ಣ, ಅಮ್ಮನನ್ನು ನೀನು ನೋಡಿದ್ದು ಮನೆಯಲ್ಲಿ. ನಾನು ನೋಡಿದ್ದು ಪಕ್ಕದ ಮಗ್ಗದಲ್ಲಿ ನಿಂತು. ಆ ಗದ್ದಲದಲ್ಲಿ ಅವಳ ಮುಖ ನೋಡಿದರೆ ಸಾಕಿತ್ತು, ತಲೆನೋವೋ ಸಿಟ್ಟೋ ಹಸಿವೋ ತಿಳಿದುಹೋಗುತ್ತಿತ್ತು. ಅದಕ್ಕೇ ಹೇಳುತ್ತೇನೆ: ನೋಡಿದ್ದನ್ನೆಲ್ಲ ಬರೆ. ನಿನಗೆ ಅನಿಸಿದ್ದನ್ನು ಬರೆಯಬೇಡ, ಕಂಡದ್ದನ್ನು ಬರೆ. ಕೈ ಎಲ್ಲಿಟ್ಟಳು, ಬಾಯಿ ಹೇಗೆ ಮಾಡಿದಳು, ಎಲ್ಲ.

ಮಿಲ್ಲಿನ ನಮ್ಮ ಮಗ್ಗದ ಶೆಡ್ಡಿನಿಂದ ಯಾರಾದರೂ ನೋಡಲು ಬಂದಿದ್ದರಾ? ಗಿಡ್ಡಕ್ಕ ಬಂದೇ ಬಂದಿರುತ್ತಾಳೆ. ಅಮ್ಮನ ಎದುರು ಮಗ್ಗದವಳು, ಅವಳನ್ನು ತಡೆಯಲು ಯಾರಿಂದಲೂ ಆಗುವುದಿಲ್ಲ. ಏನಂದಳು ಬರೆ.

ನನಗೆ ಏನೂ ಆಗಿಲ್ಲ. ಗೋಡೆ ಒದ್ದೆ, ಸ್ವಲ್ಪ ನೆಗಡಿ. ಅಷ್ಟೇ.

ನಿನ್ನ ಮೊಂಡಿ

*

ಫೆಬ್ರವರಿ 15

ಮೊಂಡಿ,

ಕೊಳವೆ ತೆಗೆದರು. ಅಮ್ಮ ಈಗ ತಾನಾಗಿಯೇ ಉಸಿರಾಡುತ್ತಿದ್ದಾಳೆ. ವಾರ್ಡಿಗೆ ತಂದಿದ್ದಾರೆ, ಕಿಟಕಿ ಪಕ್ಕದ ಮಂಚ. ಎದೆಗೆ ಅವುಚಿಕೊಳ್ಳಲು ಒಂದು ದಿಂಬು ಕೊಟ್ಟಿದ್ದಾರೆ, ಕೆಮ್ಮುವಾಗ ಅದನ್ನು ಅಪ್ಪಿಕೊಳ್ಳಬೇಕು. ಗಾಯ ಒಣಗಿದೆ. ದರ್ಜಿ ಅತ್ತೆ ಬಗ್ಗಿ ನೋಡಿ, "ಇಷ್ಟು ನೇರಕ್ಕೆ ನಾನೂ ಹೊಲಿಯಲ್ಲ ಕಣೋ" ಅಂದಳು.

ಧ್ವನಿ ಮಾತ್ರ ಹೋಗಿದೆ. ಕೊಳವೆ ಬಹಳ ದಿನ ಇತ್ತಲ್ಲ, ಗಂಟಲು ಊದಿದೆ, ನಿಧಾನಕ್ಕೆ ಬರುತ್ತೆ ಎನ್ನುತ್ತಾರೆ. ಬರೆದು ತೋರಿಸು ಅನ್ನೋಣವೆಂದರೆ ಅಮ್ಮನಿಗೆ ಅಕ್ಷರ ಎಲ್ಲಿ ಬರುತ್ತೆ.

ಆದರೆ ಮೊಂಡಿ, ಅವಳು ಪ್ರಾರ್ಥನೆ ಮಾಡುತ್ತಿದ್ದಾಳೆ. ಎಚ್ಚರವಿದ್ದಷ್ಟು ಹೊತ್ತೂ. ತುಟಿ ನಿಲ್ಲುವುದೇ ಇಲ್ಲ. ಕಂಡದ್ದನ್ನು ಬರೆ ಅಂದೆಯಲ್ಲ, ಬರೆಯುತ್ತೇನೆ. ಬಲಗೈಯ ಎರಡು ಬೆರಳಿನಿಂದ ಕತ್ತಿನ ಕೆಳಗಿನ ಮೂಳೆಯನ್ನು ತಟ್ಟಿಕೊಳ್ಳುತ್ತಾಳೆ, ಹೃದಯ ಕಾಯ್ದವನನ್ನು ನೆನೆಯುವ ಹಾಗೆ. ಆಮೇಲೆ ಅಂಗೈಯನ್ನು ಚಪ್ಪಟೆ ಮಾಡಿ ಎದೆಯ ಮುಂದೆ ಆ ಕಡೆ ಈ ಕಡೆ ಆಡಿಸುತ್ತಾಳೆ, ನಮ್ಮನ್ನೆಲ್ಲ ಹರಸುವ ಹಾಗೆ. ಕೊನೆಗೆ ಮುಷ್ಟಿ ಕಟ್ಟಿ ಮೇಲೆತ್ತುತ್ತಾಳೆ. ಮೇಲಿನವನ ಸೆರಗು ಹಿಡಿದ ಹಾಗೆ. ಮತ್ತೆ ಮೊದಲಿನಿಂದ. ನನಗೆ ಕಣ್ಣಲ್ಲಿ ನೀರು ತಡೆಯಲಾಗಲಿಲ್ಲ. ಪಕ್ಕ ಕೂತು ನಾನೂ ಸಣ್ಣಗೆ ಹಾಡಿದೆ. ಹಾಡುಗುಂಪಿನ ಹಿರಿಯರು ಬಂದು ನೋಡಿ, "ದನಿ ಇಲ್ಲದವಳು ನಮಗೆಲ್ಲ ಪ್ರಾರ್ಥನೆ ಕಲಿಸ್ತಿದ್ದಾಳೆ" ಅಂದರು. ಈಗ ದಿನವೂ ನೋಡಲು ಜನ ಬರುತ್ತಾರೆ.

ಸರ್ಜನ್ ಕೂಡ ಕೇಳಿದರು, "ಏನು ಹೇಳ್ತಿದ್ದಾರೆ ಇವರು?" ನಾನು "ಪ್ರಾರ್ಥನೆ ಸಾರ್" ಅಂದೆ. ಒಳ್ಳೆಯದು ಅಂತ ತಲೆಯಾಡಿಸಿ, ಹೊಲಿಗೆ ನೋಡಿ, ಮುಂದಿನ ಮಂಚಕ್ಕೆ ಹೋದರು. ಸ್ವಲ್ಪ ಜ್ವರ ಇದೆ. ಮಾಮೂಲಂತೆ.

ಶೆಡ್ಡಿನವರ ಬಗ್ಗೆ ಕೇಳಿದ್ದೀಯ. ಇಲ್ಲಿ ಜನ ಹೆಚ್ಚಾದರೆ ನರ್ಸಮ್ಮ ಬೈಯುತ್ತಾಳೆ.

ಅಣ್ಣ

*

ಫೆಬ್ರವರಿ 19

ಅಣ್ಣ,

ಅದು ಪ್ರಾರ್ಥನೆ ಅಲ್ಲ. ಕೈ ಮುಗಿದು ಹೇಳುತ್ತೇನೆ, ಅದು ಪ್ರಾರ್ಥನೆ ಅಲ್ಲ. ▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇ ನಿನ್ನ ದೇವರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡು. ▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇

ಹಾಡಿದ್ದು ಸಾಕು. ಕುರುಡನ ಹಾಗೆ ಪಕ್ಕ ಕೂತು ಹಾಡುತ್ತೀಯಲ್ಲ, ▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇ ಗಿಡ್ಡಕ್ಕ ▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇▇

ನನಗೆ ಭಯವಾಗುತ್ತಿದೆ ಅಣ್ಣ.

ಮೊಂಡಿ

*

ಫೆಬ್ರವರಿ 23

ತಂಗಿ,

ನಿನ್ನ ಪತ್ರ ಬಂತು. ಮುಕ್ಕಾಲು ಪಾಲು ಮಸಿ. ಬೆಳಕಿಗೆ ಹಿಡಿದು ನೋಡಿದೆ, ಹಿಂದಿನಿಂದ ನೋಡಿದೆ, ಒಂದಕ್ಷರ ಕಾಣಲಿಲ್ಲ. ಕಂಡದ್ದಿಷ್ಟು: ಅದು ಪ್ರಾರ್ಥನೆ ಅಲ್ಲ, ನಿನ್ನ ದೇವರನ್ನು ಪಕ್ಕಕ್ಕಿಡು, ನೀನು ಕುರುಡ.

ನಮ್ಮ ಹಳೇ ಜಗಳವನ್ನು ಅಮ್ಮನ ಮಂಚದ ತನಕ ತರುತ್ತೀಯ ಅಂತ ನಾನು ಅಂದುಕೊಂಡಿರಲಿಲ್ಲ. ನಿನಗೆ ದೇವರು ಬೇಡ, ಸರಿ. ಅಮ್ಮನಿಗೆ ಬೇಕು. ಒಂದು ದಿನವಾದರೂ ಪ್ರಾರ್ಥನೆ ತಪ್ಪಿಸಿ ಮಿಲ್ಲಿಗೆ ಹೋದವಳಾ ಅವಳು?

ಗಿಡ್ಡಕ್ಕನ ಹೆಸರು ಮಸಿಯ ನಡುವೆ ಉಳಿದಿದೆ. ಹೇಳಿಬಿಡುತ್ತೇನೆ. ಬಂದಿದ್ದಳು. ಶೆಡ್ಡಿನವರೆಲ್ಲ ಬಂದಿದ್ದರು. ನಾನೇ ಬಾಗಿಲಲ್ಲಿ ನಿಂತು, ದಯವಿಟ್ಟು ಯಾರೂ ಬರಬೇಡಿ ಅಂದೆ. ನಿಮ್ಮ ಮುಷ್ಕರದಿಂದ ಒಬ್ಬಳು ಜೈಲಿಗೆ ಹೋದಳು, ಇನ್ನೊಬ್ಬಳು ಇಲ್ಲಿ ಮಲಗಿದ್ದಾಳೆ, ಇನ್ನು ನನ್ನ ಮನೆಯಲ್ಲಿ ಯಾರೂ ಉಳಿದಿಲ್ಲ ಅಂದೆ. ಗಿಡ್ಡಕ್ಕ ಬಾಗಿಲಿನಿಂದಲೇ ತಿರುಗಿ ಹೋದಳು. ಈಗ ನೀನು ಬೈ.

ಅಮ್ಮ ಇತ್ತೀಚೆಗೆ ಬದಲಾಗಿದ್ದಾಳೆ. ಜ್ವರ ಇಳಿಯುತ್ತಿಲ್ಲ. ನಿನ್ನೆ ನಾನು ಹಾಡುತ್ತಿದ್ದಾಗ ನನ್ನ ಕೈಯನ್ನು ಪಟ್ಟಂತ ಹೊಡೆದಳು. ಮುಖ ಗೋಡೆ ಕಡೆ ತಿರುಗಿಸಿಕೊಂಡಳು. ಹಾಸಿಗೆ ಬದಲಿಸಲು ಮಗ್ಗುಲಾಗಿಸಿದಾಗ ಬಾಯಿ ಅಗಲವಾಗಿ ತೆರೆದಳು. ಸದ್ದು ಬರಲಿಲ್ಲ, ಆದರೆ ಅದು ಕಿರುಚು. ಸದ್ದಿಲ್ಲದ ಕಿರುಚನ್ನು ನಾನು ಇವತ್ತಿನವರೆಗೂ ನೋಡಿರಲಿಲ್ಲ. ಆಮೇಲೆ ಮತ್ತೆ ಅದೇ ಎರಡು ಬೆರಳು, ಅದೇ ಅಂಗೈ, ಅದೇ ಮುಷ್ಟಿ. ನೋವಿನಲ್ಲೂ ಬಿಡುವುದಿಲ್ಲ.

ದೇವರು ಅವಳನ್ನು ಪರೀಕ್ಷೆ ಮಾಡುತ್ತಿದ್ದಾನೆ. ನನ್ನನ್ನೂ. ಬೈಯುವುದಿದ್ದರೆ ಬರೆಯಬೇಡ.

ಅಣ್ಣ

*

ಫೆಬ್ರವರಿ 27

ಪ್ರೀತಿಯ ಅಣ್ಣ,

ನನ್ನನ್ನು ಕ್ಷಮಿಸು. ನೀನು ಹೇಳಿದ್ದೇ ಸರಿ. ಒಂಟಿ ಕೋಣೆಯಲ್ಲಿ ಕೂತು ಯೋಚನೆ ಮಾಡಿದೆ. ದೇವರಿಲ್ಲದೆ ಯಾರೂ ಇಲ್ಲ. ಇನ್ನು ಮೇಲೆ ನಾನೂ ಪ್ರಾರ್ಥನೆ ಮಾಡುತ್ತೇನೆ. ಮುಷ್ಕರ, ಗಿಷ್ಕರದ ಮಾತು ಈ ಪತ್ರದಲ್ಲಿ ಒಂದೂ ಇಲ್ಲ. ಇದು ಬರೀ ಪ್ರಾರ್ಥನೆಯ ಪತ್ರ.

ಚಿಕ್ಕವರಿದ್ದಾಗ ನಾವು ಹೇಗೆ ಪ್ರಾರ್ಥನೆ ಮಾಡುತ್ತಿದ್ದೆವು, ನೆನಪಿದೆಯಾ? ಅಮ್ಮ ಮಲಗಿ ಹಾಡುತ್ತಿದ್ದಳು. ನೀನು ಅವಳ ಎದೆಯ ಮೇಲೆ ತಲೆಯಿಟ್ಟು, ಹಾಡು ಬಾಯಿಂದ ಬರ್ತಿಲ್ಲ ಮೂಳೆಯಿಂದ ಬರ್ತಿದೆ ಅನ್ನುತ್ತಿದ್ದೆ. ಅದಕ್ಕೇ ಅವಳು ನಿನ್ನನ್ನು ಮಗ್ಗಕ್ಕೆ ಹಾಕಲಿಲ್ಲ. "ಮನೇಲಿ ಒಬ್ರಾದ್ರೂ ಕಿವಿ ಉಳಿಸ್ಕೊಳ್ಳಲಿ" ಅಂದಳು. ಆ ಕಿವಿ ಅವಳೇ ಉಳಿಸಿದ್ದು. ಈಗ ಅವಳಿಗೆ ಬೇಕಾಗಿದೆ.

ಅಣ್ಣ, ಆ ಪ್ರಾರ್ಥನೆಯನ್ನು ಮತ್ತೆ ಮಾಡು. ಹಾಡಬೇಡ. ಯಾರನ್ನೂ ಹಾಡಲು ಬಿಡಬೇಡ. ಭಾರ ಹಾಕದೆ ಕಿವಿಯನ್ನು ಅಮ್ಮನ ಎದೆಯ ನಟ್ಟನಡುವೆ, ಹೊಲಿಗೆಯ ಹತ್ತಿರ ಇಡು. ದಿಂಬು ಅವುಚಿಕೊಂಡು ಮೆಲ್ಲಗೆ ಒಮ್ಮೆ ಕೆಮ್ಮಲು ಹೇಳು. ನಿನ್ನ ಅಂಗಡಿಗೆ ರಿಪೇರಿಗೆ ಬಂದ ವಾದ್ಯಕ್ಕೆ ಕಿವಿ ಕೊಡುತ್ತೀಯಲ್ಲ, ಹಾಗೆ ಕೇಳು. ದೇವರು ಅಲ್ಲೇ ಮಾತಾಡುತ್ತಾನೆ. ಅವನು ಏನು ಸದ್ದು ಮಾಡಿದರೂ ಅದೇ ಸದ್ದನ್ನು ಸರ್ಜನ್‌ಗೆ ಹೋಗಿ ಹೇಳು. ಅರ್ಥ ಹೇಳಬೇಡ, ಸದ್ದು ಹೇಳು. ಆ ದೊಡ್ಡವರ ಕೈಯನ್ನು ಹಿಡಿದು ತಂದು ಅದೇ ಜಾಗದಲ್ಲಿ ಇಡಿಸು. ಅದು ಆಶೀರ್ವಾದದ ಜಾಗ.

ಪ್ರಾರ್ಥನೆಯ ಹೊತ್ತಿಗೆ ಕಾಯಬೇಡ. ಈ ಪತ್ರ ಓದಿ ಮಡಚುವ ಮೊದಲು ಮಾಡು. ನನಗಾಗಿ ಮಾಡು. ನಿನ್ನನ್ನು ನಾನು ಹುಟ್ಟಿದಾಗಿನಿಂದ ಇಷ್ಟು ಬೇಡಿಕೊಂಡಿಲ್ಲ.

ದೇವರು ನಿನ್ನ ಕಿವಿಯಲ್ಲಿರಲಿ.

ನಿನ್ನ ತಂಗಿ

*

ಮಾರ್ಚ್ 3, ಆಪರೇಷನ್ ಕೋಣೆಯ ಹೊರಗಿನ ಬೆಂಚು

ಮೊಂಡಿ,

ಅಮ್ಮ ಮತ್ತೆ ಒಳಗಿದ್ದಾಳೆ. ಎದೆ ಮತ್ತೆ ತೆರೆದಿದ್ದಾರೆ.

ನಿನ್ನ ಪತ್ರ ಓದಿ ಮೊದಲು ಸಂತೋಷವಾಯಿತು. ದರ್ಜಿ ಅತ್ತೆಗೆ ತೋರಿಸಿದೆ. "ನಿನ್ನ ತಂಗಿ ದಾರಿಗೆ ಬಂದ್ಲು ನೋಡು" ಅಂದಳು. ಎಲ್ಲರನ್ನೂ ಸುಮ್ಮನಿರಿಸಿ, ಮಂಡಿಯೂರಿ, ಅಮ್ಮನ ಎದೆಗೆ ಕಿವಿಯಿಟ್ಟೆ. ಕೆಮ್ಮು ಅಂದೆ. ಅವಳು ನನ್ನನ್ನೇ ನೋಡಿದಳು. ಎಷ್ಟೋ ದಿನದಿಂದ ಬಾಗಿಲು ತಟ್ಟಿ ಸುಸ್ತಾದವರು ಒಳಗಿನಿಂದ ಹೆಜ್ಜೆ ಕೇಳಿದಾಗ ಹೇಗೆ ನೋಡುತ್ತಾರೋ, ಹಾಗೆ. ಕೆಮ್ಮಿದಳು.

ಟಕ್.

ಮರಕ್ಕೆ ಮರ ತಾಗುವ ಸದ್ದು. ತಂಬೂರಿಯ ಒಡೆದ ಬುರುಡೆಗೆ ಮೇಲಿಂದ ಬಣ್ಣ ಬಳಿದು ತರುತ್ತಾರಲ್ಲ ಕೆಲವರು, ತಂತಿ ಮೀಟಿದರೆ ಒಳಗಿನ ಬಿರುಕು ಕಟಕಟ ಅನ್ನುತ್ತೆ, ಅದೇ ಸದ್ದು. ಪ್ರಾರ್ಥನೆಯೂ ಇಲ್ಲ ಗೀರ್ಥನೆಯೂ ಇಲ್ಲ, ಎದ್ದು ಓಡಿದೆ. ಸರ್ಜನ್ ಇನ್ನೊಂದು ವಾರ್ಡಿನಲ್ಲಿದ್ದರು. "ಸಾರ್, ಎದೆ ಒಳಗೆ ಟಕ್ ಅಂತಿದೆ, ಕೂಡಿಸಿದ್ದು ಬಿಟ್ಟಿದೆ" ಅಂದೆ. "ನೀವು ಡಾಕ್ಟರಾ?" ಅಂದರು. "ಅಲ್ಲ ಸಾರ್, ಬಿರುಕಿನ ಸದ್ದು ಕೇಳೋದು ನನ್ನ ಕೆಲಸ" ಅಂದೆ. ಬಂದು ಅಂಗೈ ಇಟ್ಟರು. ಅಮ್ಮ ಕೆಮ್ಮಿದಳು. ಅವರ ಮುಖ ಬದಲಾಯಿತು. ಆಮೇಲೆ ಎಲ್ಲರೂ ಓಡಾಡಿದರು. ಕೊನೆಗೆ ನರ್ಸಮ್ಮ ಹೇಳಿದಳು: ತಂತಿ ಮೂಳೆಯನ್ನೇ ಕೊಯ್ದುಕೊಂಡು ಬಿಟ್ಟಿದೆ, ಮೇಲೆ ಒಣಗಿದ ಗಾಯದ ಕೆಳಗೆ ಕೀವು ಕೂತಿದೆ, ಹೃದಯದ ಪಕ್ಕದಲ್ಲೇ.

ನಾನೇ ದರ್ಜಿ ಅತ್ತೆಯನ್ನು ಮಿಲ್ಲಿನ ಗೇಟಿಗೆ ಕಳಿಸಿದೆ. ಗಿಡ್ಡಕ್ಕ ಬಂದಳು. ಕ್ಷಮಿಸಿ ಅನ್ನಲು ಬಾಯಿ ತೆರೆದೆ. "ಅದಿರ್ಲಿ, ನಿಮ್ಮಮ್ಮ ಕೈಯಲ್ಲಿ ಏನೇನು ಮಾಡ್ತಿದ್ಲು, ತೋರ್ಸು" ಅಂದಳು. ತೋರಿಸಿದೆ. ಅವಳು ಪಕ್ಕ ಕೂತು ತನ್ನ ಕೈಯಲ್ಲೂ ಮಾಡಿ ತೋರಿಸಿದಳು.

"ಎರಡು ಬೆರಳು ಇಲ್ಲಿ ತಟ್ಟಿದ್ರೆ, ಒಳಗೆ ದಾರ ಕಡಿದಿದೆ ಅಂತ. ಅಂಗೈ ಹೀಗಾಡಿಸಿದ್ರೆ, ಮಗ್ಗ ನಿಲ್ಲಿಸು ಅಂತ. ಮುಷ್ಟಿ ಎತ್ತಿದ್ರೆ ಮೇಸ್ತ್ರಿನ ಕರಿ ಅಂತ. ಆ ಸದ್ದಲ್ಲಿ ನಾವು ಮಾತಾಡೋದೇ ಹೀಗೆ ಕಣಪ್ಪ. ನಿಮ್ಮಮ್ಮ ಡಾಕ್ಟರನ್ನ ಕರಿ ಅಂತ ಕೂಗ್ತಿದ್ದಾಳೆ, ನೀನು ಪಕ್ಕ ಕೂತು ಹಾಡಿದ್ದೀಯ."

ನಾನು ಹಾಡಿದ್ದೇನೆ, ಮೊಂಡಿ. ಜನರನ್ನು ಕರೆದು ತೋರಿಸಿದ್ದೇನೆ. ಮಸಿಯ ಕೆಳಗೆ ನೀನು ಬರೆದದ್ದು ಇದೇ ಅಲ್ಲವಾ?

ಈಗ ಕಾರಿಡಾರಿನ ಆ ಗೋಡೆಗೆ ಹಾಡುಗುಂಪಿನವರು, ಈ ಗೋಡೆಗೆ ಶೆಡ್ಡಿನವರು. ಆಪರೇಷನ್ ಕೋಣೆಯ ಬಾಗಿಲ ಮೇಲಿನ ಕೆಂಪು ದೀಪ ಇನ್ನೂ ಉರಿಯುತ್ತಿದೆ. ಇದನ್ನು ಹೀಗೇ ಅಂಚೆಗೆ ಹಾಕುತ್ತೇನೆ. ಏನಾಗುತ್ತೋ ನೋಡಿ ಬರೆಯಲು ನನಗೆ ಧೈರ್ಯ ಇಲ್ಲ.

ಅಣ್ಣ

*

ಮಾರ್ಚ್ 10

ಅಣ್ಣ,

ಪತ್ರ ಬಂದಿಲ್ಲ. ಬೇರೆಯವರಿಗೆಲ್ಲ ಬಂದಿದೆ. ವಾರ್ಡರಮ್ಮನನ್ನು ಕೇಳಿದರೆ ಮುಖ ನೋಡುವುದಿಲ್ಲ. ಯಾಕೆ ಮುಖ ನೋಡುವುದಿಲ್ಲ?

ಏನಿದ್ದರೂ ಬರೆ. ಏನಿದ್ದರೂ. ನಾನು ತಡೆದುಕೊಳ್ಳುತ್ತೇನೆ ಅಂತ ಸುಳ್ಳು ಹೇಳುವುದಿಲ್ಲ, ಆದರೂ ಬರೆ. ಎದೆಗೆ ಕಿವಿಯಿಟ್ಟೆಯಾ? ಇಟ್ಟೆ ಅಂತ ಒಂದು ಪದ ಬರೆದರೂ ಸಾಕು.

ಸಾಹೇಬರೇ, ಇದರಲ್ಲಿ ಬಳಿಯುವುದಕ್ಕೆ ಏನೂ ಇಲ್ಲ. ಹಾಗೇ ಬಿಡಿ.

ಮೊಂಡಿ

*

ಮಾರ್ಚ್ 16

ಮೊಂಡಿ,

ಇದು ಅಮ್ಮನ ಪತ್ರ. ಅವಳು ತುಟಿ ಆಡಿಸುತ್ತಾಳೆ, ಗಿಡ್ಡಕ್ಕ ನೋಡಿ ಹೇಳುತ್ತಾಳೆ, ನಾನು ಬರೆಯುತ್ತೇನೆ. ಹೋದ ಪತ್ರ ನಿನಗೆ ಸಿಗಲಿಲ್ಲ ಅಂತ ಗೊತ್ತಾಯಿತು. ಗಿಡ್ಡಕ್ಕ ನನ್ನ ತಲೆಗೆ ಮೊಟಕಿದಳು, "ಆ ಮಾತನ್ನೆಲ್ಲ ಬರೆದ್ರೆ ಜೈಲಿನವರು ಬಿಡ್ತಾರೇನೋ ದಡ್ಡ" ಅಂತ. ಇನ್ನು ಅಮ್ಮನ ಮಾತು:

ಮಗಳೇ, ನಾನಿದ್ದೀನಿ. ಮತ್ತೆ ಕೂಡಿಸಿದ್ದಾರೆ. ಈ ಸಲ ತಂತಿ ಅಲ್ಲ, ಏನೋ ಪಟ್ಟಿ ಹಾಕಿ ಬಿಗಿದಿದ್ದಾರಂತೆ. ನಿನ್ನಣ್ಣ ಗಂಟೆಗೊಂದು ಸಲ ಬಂದು ಎದೆಗೆ ಕಿವಿ ಇಡ್ತಾನೆ. ಉಸಿರಾಡೋಕೆ ಬಿಡೋ ಅಂದ್ರೂ ಕೇಳಲ್ಲ. ಟಕ್ ಅನ್ನಲ್ಲ ಈಗ. ಆದ್ರೂ ಕೆಮ್ಮು ಬಂದ್ರೆ ನನಗೆ ಜೀವ ಬಾಯಿಗೆ ಬರುತ್ತೆ. ಯಾರಿಗೂ ಹೇಳಿಲ್ಲ, ನಿನಗೆ ಹೇಳ್ತಿದ್ದೀನಿ. ಇವರಿಬ್ಬರಿಗೂ ಈಗ ಗೊತ್ತಾಯ್ತು, ಹೋಗ್ಲಿ.

ಇನ್ನೊಂದು. ನಾನು ಒಲೆ ಮುಂದೆ ಬೀಳಲಿಲ್ಲ. ಇವನು ಹಾಗೆ ಬರೆದಿದ್ದಾನೆ ಅಂತ ಈಗ ಕೇಳಿ ತಿಳೀತು. ನಾನು ಬಿದ್ದದ್ದು ಮಿಲ್ಲಿನ ಗೇಟಲ್ಲಿ, ನೀನು ನಿಲ್ತಿದ್ದ ಜಾಗದಲ್ಲಿ. ನಿನ್ನನ್ನ ಎಳ್ಕೊಂಡು ಹೋದ ಮೇಲೆ ಆ ಜಾಗ ಖಾಲಿ ಕಾಣ್ತಿತ್ತು, ಹೋಗಿ ನಿಂತೆ. ವ್ಯಾನಿಗೆ ಅಡ್ಡ ನಿಂತದ್ದು ಗಿಡ್ಡಕ್ಕ. ನಿನ್ನಿಂದ ಬಿದ್ದೆ ಅಂತ ಅಂದ್ಕೋಬೇಡ. ನನ್ನ ಕಾಲು, ನಾನು ನಿಂತೆ.

ನಿನ್ನಣ್ಣ ಪ್ರಾರ್ಥನೆ ಅಂದದ್ದು ಪೂರ್ತಿ ತಪ್ಪೂ ಅಲ್ಲ. ಮನೆಯವರಿಗೆ ಹೇಳಿ ಸಾಕಾದ ಮೇಲೆ ಅದನ್ನೇ ದೇವರಿಗೆ ಹೇಳಿದೆ. ಅವನಿಗೂ ಶೆಡ್ಡಿನ ಮಾತು ಬರಲ್ವೇನೋ ಅನ್ನಿಸಿತ್ತು. ಆಮೇಲೆ ಇವನು ಬಂದು ಎದೆಗೆ ಕಿವಿ ಇಟ್ಟ. ಯಾರು ಕಳಿಸಿದ್ದು ಅಂತ ಇವನು ಈಗ ಹೇಳಿದ.

ನೆಗಡಿ ಅಂದಿದ್ದೆಯಂತೆ. ಹೋಯ್ತಾ? ಅದನ್ನ ಬರೆದೇ ಇಲ್ಲ ನೀನು.

ಅಮ್ಮ

*

ಮಾರ್ಚ್ 24, ಬಿಡುಗಡೆಯಾದವಳ ಕೈಯಲ್ಲಿ

ಅಮ್ಮ, ಅಣ್ಣ,

ಇದನ್ನು ತರುವವಳು ನನ್ನ ಜೊತೆ ಇದ್ದವಳು. ಇದಕ್ಕೆ ಮಸಿ ಇಲ್ಲ. ನಿಜ ಬರೆಯಬಹುದು.

ಅಣ್ಣ, ಮಸಿ ಬಳಿದ ಆ ಪತ್ರದಲ್ಲಿ ನಾನು ಎಲ್ಲ ಬರೆದಿದ್ದೆ. ಮಗ್ಗ ನಿಲ್ಲಿಸು ಅನ್ನುವ ಮಾತು ಕಂಡ ಕೂಡಲೇ ಇವರಿಗೆ ಮುಷ್ಕರ ಕಂಡಿತು. ಗುಪ್ತ ಸಂಕೇತ ಅಂತ ನನ್ನನ್ನು ಒಂಟಿ ಕೋಣೆಗೆ ಹಾಕಿದರು. ಬೈಗುಳ ಬಿಟ್ಟರು, ಮದ್ದು ಅಳಿಸಿದರು. ಒಬ್ಬ ಹೆಂಗಸಿನ ಎದೆಮೂಳೆ ಬಿಟ್ಟುಕೊಂಡಿದೆ ಅನ್ನುವುದು ಸರ್ಕಾರದ ಮೇಲಿನ ಸಂಚಂತೆ. ಜೈಲರ್ ಮುಂದೆ ಕೈ ಮುಗಿದು ನಿಂತು, ಒಂದು ಫೋನ್ ಕೊಡಿ, ಕ್ಷಮಾಪಣೆ ಬರೆದುಕೊಡುತ್ತೇನೆ, ಮುಷ್ಕರ ತಪ್ಪು ಅಂತ ಬರೆದುಕೊಡುತ್ತೇನೆ ಅಂದೆ. ಹೌದು, ನಾನೇ ಅಂದೆ. ಗೇಟಿನಲ್ಲಿ ಯಾರಿಗೂ ತಲೆ ಬಗ್ಗಿಸಬೇಡಿ ಅಂತ ಗಂಟಲು ಹರಿದುಕೊಂಡವಳು. ಅವರು ನಕ್ಕು, "ಅದಕ್ಕೆಲ್ಲ ಮೇಲಿಂದ ಆರ್ಡರ್ ಬರ್ಬೇಕಮ್ಮ, ಮುಂದಿನ ತಿಂಗಳು ನೋಡೋಣ" ಅಂದರು. ನನ್ನ ಮಾನ ಇಟ್ಟರೂ ಇವರ ಹತ್ತಿರ ಒಂದು ಫೋನ್ ಹುಟ್ಟಲಿಲ್ಲ.

ಆಗ ಆ ಪ್ರಾರ್ಥನೆಯ ಪತ್ರ ಬರೆದೆ. ಸುಳ್ಳು, ಅಣ್ಣ. ಮಸಿ ಸಾಹೇಬರ ಕಣ್ಣಿಗೆ ಮಣ್ಣೆರಚಲು ಬರೆದದ್ದು. ದೇವರ ಹೆಸರು ಇದ್ದ ಕಡೆ ಅವರು ಬಗ್ಗಿ ನೋಡುವುದಿಲ್ಲ. ನಿನ್ನ ನಂಬಿಕೆಯನ್ನು ನಾನು ಹಾಗೆ ಬಳಸಿಕೊಂಡೆ, ನಿನಗೆ ನೋವಾದರೆ ಆಗಲಿ, ಅಮ್ಮ ಇದ್ದಾಳೆ.

ಆದರೆ ಅದನ್ನು ಕೊಟ್ಟು ಬಂದ ಮೇಲೆ ನಿನ್ನ ಉತ್ತರವೇ ಇಲ್ಲ. ಆ ದಿನಗಳಲ್ಲಿ ಪತ್ರದ ಕೊನೆ ಸಾಲನ್ನು ಗೋಡೆಗೆ ಮುಖ ಹಾಕಿ ಹೇಳಿಕೊಂಡೆ. ದೇವರು ನಿನ್ನ ಕಿವಿಯಲ್ಲಿರಲಿ, ದೇವರು ನಿನ್ನ ಕಿವಿಯಲ್ಲಿರಲಿ. ಓದುವ ಸಾಹೇಬರು ಯಾರೂ ಇರಲಿಲ್ಲ ಅಲ್ಲಿ. ಯಾರಿಗೆ ಮೋಸ ಮಾಡಲು ಹೇಳಿದೆನೋ ನನಗೆ ಗೊತ್ತಿಲ್ಲ. ಇದನ್ನು ನಿನ್ನ ಹಾಡುಗುಂಪಿಗೆ ಹೇಳಬೇಡ, ನನ್ನನ್ನು ದಾರಿಗೆ ಬಂದವಳು ಅಂತ ಲೆಕ್ಕಕ್ಕೆ ಹಿಡಿದುಬಿಡುತ್ತಾರೆ.

ಭೇಟಿ ಕೊಡುತ್ತಾರಂತೆ ಮುಂದಿನ ವಾರ. ಅಮ್ಮನಿಗೆ ಆಗುವುದಾದರೆ ಮಾತ್ರ ಬನ್ನಿ. ನಾನು ಚೆನ್ನಾಗಿದ್ದೇನೆ.

ಮೊಂಡಿ

*

ಏಪ್ರಿಲ್ 6

ಮೊಂಡಿ,

ನಿನ್ನೆ ಮನೆ ಸೇರಿದೆವು. ಅಮ್ಮ ದಿಂಬು ಅವುಚಿಕೊಂಡೇ ಬಸ್ಸಿನಲ್ಲಿ ಕೂತಳು. ಪ್ರತಿ ಗುಂಡಿಗೂ ನಾನು ಡ್ರೈವರನ್ನು ಬೈದೆ.

ಭೇಟಿಯ ಹಾಲಿನಲ್ಲಿ ನಡೆದದ್ದನ್ನು ಬರೆಯುತ್ತೇನೆ. ಅನಿಸಿದ್ದನ್ನಲ್ಲ, ಕಂಡದ್ದನ್ನು. ನೀನೇ ಕಲಿಸಿದ್ದು.

ಜಾಲರಿಯ ಈ ಕಡೆ ನೂರು ಜನ, ಆ ಕಡೆ ನೂರು ಜನ, ಎಲ್ಲರೂ ಕಿರುಚುತ್ತಿದ್ದರು. ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ನೀನೂ ಅಮ್ಮನೂ ಮಾತ್ರ ದನಿ ತೆಗೆಯದೆ, ಒಬ್ಬರ ಮುಖ ಒಬ್ಬರು ನೋಡುತ್ತಾ, ಬರೀ ತುಟಿ ಬೆರಳಿನಲ್ಲೇ ಹರಟಿದಿರಿ. ಎರಡು ಸಲ ನಕ್ಕಿರಿ. ನನ್ನ ಬಗ್ಗೆಯೇ ಇರಬೇಕು. ವಾರ್ಡರಮ್ಮ ಬಂದು, "ಮಾತಾಡೋಕೆ ಏನೂ ಇಲ್ದಿದ್ರೆ ಜಾಗ ಬಿಡಿ" ಅಂದಳು.

ಎದ್ದು ಹೊರಡುವಾಗ ಅಮ್ಮ ನಿನ್ನ ಕಡೆ ಬೆರಳು ತೋರಿಸಿದಳು. ಆಮೇಲೆ ಎರಡು ಬೆರಳಿನಿಂದ ತನ್ನ ಕತ್ತಿನ ಕೆಳಗೆ ತಟ್ಟಿದಳು. ನೀನು ಅಂಗೈಯನ್ನು ಮೇಲ್ಮುಖ ಮಾಡಿ ನಿಧಾನಕ್ಕೆ ನಿನ್ನ ಕಡೆ ಎಳೆದುಕೊಂಡೆ. ಗಿಡ್ಡಕ್ಕ ಅದನ್ನೂ ಕಲಿಸಿದ್ದಾಳೆ ನನಗೆ. ಓಡುತ್ತಿದೆ, ಬಿಡು, ಅಂತ ಅದರ ಅರ್ಥ. ಬಸ್ಸಿನಲ್ಲಿ ಅಮ್ಮ ನನ್ನ ತೊಡೆ ತಟ್ಟಿ ತುಟಿ ಆಡಿಸಿದಳು. ಈ ಸಲ ನಾನೇ ಓದಿದೆ. ಸುಳ್ಳು ಹೇಳ್ತಾಳೆ, ಅಂದಳು.

ಅಮ್ಮ ನಿನ್ನ ಮುಖ ನೋಡಿ ತಿಳಿದಳು. ನನಗೆ ಮುಖ ಓದಲು ಇನ್ನೂ ಬರುವುದಿಲ್ಲ. ಆದರೆ ಆ ನೂರು ಕಿರುಚಿನ ನಡುವೆ ನೀನು ಮುಖ ತಿರುಗಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದ್ದು ನನಗೆ ಕೇಳಿಸಿತು. ಅದು ನೆಗಡಿಯ ಕೆಮ್ಮಲ್ಲ. ಶೆಡ್ಡಿನ ದೂಳಿನ ಕೆಮ್ಮೂ ಅಲ್ಲ, ಅದನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ತಳದಲ್ಲಿ ಒದ್ದೆಯಿತ್ತು. ಒಳಗೆ ಏನೋ ಹರಿದಿದೆ. ಆಮೇಲೆ ನೀನು ಸೆರಗನ್ನು ಮಡಚಿ ಕೈಯೊಳಗೆ ಮುಚ್ಚಿಟ್ಟುಕೊಂಡೆ.

ಯಾಕೆ ಮುಚ್ಚಿಟ್ಟೆ ಅಂತ ಕೇಳುವುದಿಲ್ಲ. ನಾನೂ ಒಲೆಯ ಕತೆ ಕಟ್ಟಿದವನೇ.

ಮಸಿ ಸಾಹೇಬರೇ, ಈ ಪತ್ರವನ್ನು ನೀವು ಮೊದಲು ಓದುತ್ತೀರಿ, ಒಳ್ಳೆಯದಾಯಿತು. ಮುಂದಿನದು ನಿಮಗೇ ಬರೆದದ್ದು. ಸೋಮವಾರ ಬೆಳಗ್ಗೆ ನಾವು ನಿಮ್ಮ ಗೇಟಿನ ಮುಂದೆ ಕೂರುತ್ತೇವೆ. ಶೆಡ್ಡಿನವರು ಬರುತ್ತಾರೆ, ಹಾಡುಗುಂಪಿನವರೂ ಬರುತ್ತಾರೆ, ದರ್ಜಿ ಅತ್ತೆ ಹೊಲಿಗೆ ತರುತ್ತಾಳೆ. ನಾನು ಇವತ್ತಿನವರೆಗೂ ಯಾವ ಗೇಟಿನ ಮುಂದೆಯೂ ನಿಂತವನಲ್ಲ. ಭಯ ಇದೆ, ನಿಮ್ಮಿಂದ ಮುಚ್ಚಿಡುವುದಿಲ್ಲ. ನನ್ನ ತಂಗಿಯ ಎದೆಗೆ ಒಬ್ಬ ಡಾಕ್ಟರು ಕಿವಿ ಇಡುವ ತನಕ ಏಳುವುದಿಲ್ಲ. ಇದಕ್ಕೆ ಮಸಿ ಬಳಿಯಿರಿ, ಹರಿದು ಹಾಕಿರಿ, ಏನಾದರೂ ಮಾಡಿ. ನಿಮಗೆ ತಲುಪಿತಲ್ಲ, ನನಗೆ ಅಷ್ಟು ಸಾಕು.

ಮೊಂಡಿ, ಇದು ನಿನ್ನ ಕೈಗೆ ಬರದಿದ್ದರೂ ಸೋಮವಾರ ಗೋಡೆಗೆ ಕಿವಿ ಇಡು. ಅಮ್ಮ ಬೇಡ ಅಂದರೂ ಬರುತ್ತಾಳೆ. ನಾನು ಹಾಡುತ್ತೇನೆ. ಈ ಸಲ ಸಾಕು ಅನ್ನಬೇಡ.

ಅಣ್ಣ